ಒಂದು ಮೊರ ತೌಡು

ಮೂರನೇ ಪುಟವನ್ನು ಖಾಲಿ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತ ಗಂಗಾಧರ ಇದನ್ನು ಬೆಳಗಿನಿಂದ ನಾಲ್ಕನೇ ಸಲ ಅಂದುಕೊಂಡ. ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ನಿಮ್ಮ ಬಾಲ್ಯದ ಬಗ್ಗೆ ನಿಮ್ಮದೇ ಮಾತಿನಲ್ಲಿ ಬರೆಯಿರಿ, ಮೂರು ಪುಟ ಮೀರದಿರಲಿ. ಹೆಂಡತಿ ಸುಕನ್ಯಾ ಒಂದೂಕಾಲು ಪುಟದಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಶಾಲೆ ಮುಗಿಸಿ, ದಾವಣಗೆರೆಯಲ್ಲಿ ನರ್ಸಿಂಗ್ ಓದಿ, ಪೆನ್ನಿಗೆ ಮುಚ್ಚಳ ಹಾಕಿ ಡ್ಯೂಟಿಗೆ ಹೋಗಿಬಿಟ್ಟಿದ್ದಳು. ಅವನಿಗೆ ಹಾಗೆ ನಿಲ್ಲಿಸಲು ಆಗಲಿಲ್ಲ. ಐರ್ಲೆಂಡಿಗೆ ಬಂದ ಮೇಲೆ ಸೂಪರ್ ಮಾರ್ಕೆಟ್ಟಿನ ಬ್ರೆಡ್ ವಿಭಾಗದಲ್ಲಿ ಬೆಳಗಿನ ಐದು ಗಂಟೆಗೆ ಹಿಟ್ಟಿನ ಟ್ರೇ ಎಳೆಯುವವನಾದರೂ, ಅದಕ್ಕೂ ಮೊದಲು ಅವನು ಕೊಟ್ಟೂರಿನ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿದ್ದ. ಹೆಚ್ಚು ಪುಟ ಬರೆದವರಿಗೆ ಹೆಚ್ಚು ಅಂಕ ಕೊಡುತ್ತಿದ್ದ ಉಪನ್ಯಾಸಕ. ಎರಡು ಪುಟದಲ್ಲಿ ಶಾಲೆ, ಅಪ್ಪನ ಗೊಬ್ಬರದ ಅಂಗಡಿ, ತಂಗಿ, ಟೈಫಾಯ್ಡ್ ಎಲ್ಲ ಮುಗಿದವು. ಮೂರನೆಯದು ಬೆಳ್ಳಗೆ ಕೂತು ಅವನನ್ನೇ ನೋಡುತ್ತಿತ್ತು. ಆಗ ಅವನು ಇಂಗ್ಲಿಷಿನಲ್ಲಿ, ತುಸು ಹೆಚ್ಚೇ ಚೆಂದವಾದ ಇಂಗ್ಲಿಷಿನಲ್ಲಿ ಬರೆದ: "ನಾನು ನಲವತ್ತು ದಿನದ ಕೂಸಾಗಿದ್ದಾಗ ನನ್ನ ತಾಯಿತಂದೆ ನನ್ನನ್ನು ಒಂದು ಮೊರ ತೌಡಿಗೆ ಒಬ್ಬ ಕುರಿಗಾಹಿ ಹೆಂಗಸಿಗೆ ಮಾರಿದರು." ಬರೆದು ಮೂರು ಸಲ ಗಟ್ಟಿಯಾಗಿ ಓದಿಕೊಂಡ. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ ಎಂದು ಬೇಜಾರೂ ಆಯಿತು.

ಟಲಮೋರ್ ಎಂಬ ಆ ಪುಟ್ಟ ಊರಿನ ಅವರ ಬಾಡಿಗೆ ಮನೆಗೆ ನೋರಾ ಬರುತ್ತಿದ್ದದ್ದು ಹನ್ನೊಂದು ತಿಂಗಳಿಂದ. ದತ್ತು ತೆಗೆದುಕೊಳ್ಳುವವರು ಯೋಗ್ಯರೋ ಅಲ್ಲವೋ ಎಂದು ನೋಡಿ ವರದಿ ಬರೆಯುವ ಸಮಾಜ ಸೇವಕಿ. ಬೂದು ಬಣ್ಣದ ಕೋಟು, ಒದ್ದೆ ಕೊಡೆ, ಕೊಟ್ಟ ಚಹಾ ಮುಟ್ಟದ ಕೈ. ಮೊದಲ ದಿನ ಮೆಟ್ಟಿಲು ಎಣಿಸಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು, ಪಕ್ಕದ ಮನೆಯವರ ಮೀನಿನ ಹೊಂಡ ಎಷ್ಟು ಆಳವೆಂದು ಕೇಳಿದಳು. ಎರಡನೆಯ ಸಲ ನೀವಿಬ್ಬರೂ ಜಗಳವನ್ನು ಹೇಗೆ ಆಡುತ್ತೀರಿ ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ, ನಾವು ಜಗಳವಾಡುವುದೇ ಇಲ್ಲ ಎಂದರು. ನೋರಾ ಅದನ್ನು ಬರೆದುಕೊಂಡ ರೀತಿ ನೋಡಿ ಅದು ತಪ್ಪು ಉತ್ತರವೆಂದು ಗೊತ್ತಾಯಿತು. ಅವಳು ಹೋದಮೇಲೆ, ಹಾಗೆ ಹೇಳಿದ್ದು ಮೊದಲು ಯಾರು ಎಂಬುದರ ಮೇಲೆ ಇಬ್ಬರೂ ರಾತ್ರಿ ಊಟದವರೆಗೆ ಜಗಳವಾಡಿದರು. ಅವಳು ಕೇಳಿದ ಕಾಗದಗಳು ಬೇರೆ: ಎದೆಯ ಎಕ್ಸರೇ, ಪೊಲೀಸರ ಪ್ರಮಾಣಪತ್ರ, ತಮ್ಮನ್ನು ಐದು ವರ್ಷದಿಂದ ಬಲ್ಲವರ ಮೂರು ಪತ್ರ, ಅದರಲ್ಲೊಬ್ಬರು ಸಂಬಂಧಿಕರಲ್ಲದ, ತಮ್ಮ ಭಾಷೆಯವರಲ್ಲದ, ಆದರೂ ತಮ್ಮನ್ನು ಇಷ್ಟಪಡುವವರು. ಕೊನೆಯದನ್ನು ಹುಡುಕಲು ನಾಲ್ಕು ತಿಂಗಳಾಯಿತು. ಅಷ್ಟೆಲ್ಲ ಆಗಿ, ಇಂಡಿಯಾದಿಂದ ಒಂದು ದಿನ ಒಂದು ಫೋಟೋ ಬಂತು. ಯಾವುದೋ ಜಿಲ್ಲೆಯ ಶಿಶುಗೃಹದ ಅಂಗಳ. ಮೂರು ವರ್ಷದ ಹುಡುಗಿ, ಕೈಯಲ್ಲಿ ಸ್ಟೀಲ್ ಲೋಟ, ಒಂದೇ ಕಾಲಿಗೆ ಕಾಲುಚೀಲ, ಫೋಟೋ ತೆಗೆಯುವವನ ಮೇಲೆ ಸಿಟ್ಟು. ಎಡಗಣ್ಣು ಸ್ವಲ್ಪ ವಾರೆ. ಹೆಸರು ಕೀರ್ತನಾ. ಸುಕನ್ಯಾ ಅದನ್ನು ನೋಡಿ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಇವರು ಒಪ್ಪಿದರು. ಇಂಡಿಯಾದ ದತ್ತು ಕಚೇರಿ ಒಪ್ಪಿತು. ಉಳಿದದ್ದು ಐರ್ಲೆಂಡಿನ ಒಪ್ಪಿಗೆ ಪತ್ರವೊಂದೇ. ಅದಕ್ಕೆ ಸಹಿ ಬೀಳುವ ಮೊದಲು ನೋರಾ ಇಡೀ ಕಡತವನ್ನು ಕೊನೆಯ ಸಲ ಓದಿದಳು. ಓದಿ, 'ಮಾರಿದರು' ಎಂಬ ಮಾತಿನ ಕೆಳಗೆ ಗೆರೆ ಎಳೆದಳು. ಮರುದಿನ ಅವಳ ಮೇಲ್ ಬಂತು. ನಿಮ್ಮನ್ನು ಕೊಂಡವರು ಯಾರು, ಈಗ ಎಲ್ಲಿದ್ದಾರೆ, ನಿಮ್ಮನ್ನು ಯಾವಾಗ ಹಿಂತಿರುಗಿಸಿದರು, ಅದಕ್ಕೆ ದಾಖಲೆ ಏನು. ಮಕ್ಕಳ ಮಾರಾಟವನ್ನು ಹಗುರವಾಗಿ ಕಾಣುವ ಮನೆಗೆ ಮಗುವನ್ನು ಕಳಿಸಲು ಶಿಫಾರಸು ಮಾಡುವುದು ತನಗೆ ಕಷ್ಟ. ಅವನು ಎರಡು ಗಂಟೆ ಫೋನಿನಲ್ಲಿ ವಿವರಿಸಿದ. ನಮ್ಮ ಕಡೆ ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಗಟ್ಟಿಯಾಗಿ ಉಳಿದ ಯಾವಳಾದರೊಬ್ಬ ತಾಯಿಗೆ ಮಾರಿದ ಹಾಗೆ ಮಾಡುತ್ತಾರೆ, ಅವಳು ಒಂದು ಮೊರ ತೌಡು ಕೊಟ್ಟು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ, ಸಾಕಿಕೊಡಿ ಎಂದು ವಾಪಸ್ ಕೊಡುತ್ತಾಳೆ, ಸಾವಿಗೆ ವಿಳಾಸ ತಪ್ಪಲಿ ಅಂತ. ನನಗಿಂತ ಮೊದಲು ಎರಡು ಹೋಗಿದ್ದವು. ದೊಡ್ಡವನಾದ ಮೇಲೆ ಹೆತ್ತವರು ಸೀರೆ, ಕುಬಸ, ತೌಡು ಕೊಟ್ಟು ಬಿಡಿಸಿಕೊಳ್ಳುತ್ತಾರೆ, ಅಷ್ಟೇ. ನೋರಾ ಎಲ್ಲ ಕೇಳಿ, "ಹಾಗಾದರೆ ಬಿಡಿಸಿಕೊಂಡಿದ್ದಾರೆ ಎಂದು ಆ ಹೆಂಗಸೇ ಹೇಳಲಿ. ನೋಟರಿಯ ಮುಂದೆ. ವೀಡಿಯೊದಲ್ಲಿ ನಾನೂ ನೋಡುತ್ತೇನೆ" ಎಂದಳು. ಸೋಮವಾರ ಸಮಿತಿಯ ಸಭೆ. ಅಂದು ಪತ್ರ ಹೊರಡದಿದ್ದರೆ ಗಡುವು ಮುಗಿದು ಹುಡುಗಿಯ ಫೋಟೋ ಬೇರೆ ಯಾರದೋ ಮೇಲ್‌ಗೆ ಹೋಗುತ್ತದೆ. ಇವತ್ತು ಗುರುವಾರ.

ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ಪಕ್ಕದ ಸೀಟಿನವನು ಇವನ ಕಡತದ ಕಡೆ ನೋಡಿ, "ಹೊಲದ ಪಹಣೇನ್ರಿ?" ಎಂದ. ಹೌದು ಎಂದ ಗಂಗಾಧರ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ತನಗೇ ಆಶ್ಚರ್ಯವಾಯಿತು. ಆ ಮನುಷ್ಯ ಕೂಡ್ಲಿಗಿಯ ಸರ್ವೇಯರ್ ಒಬ್ಬನನ್ನು ಬಯ್ಯುತ್ತ ಹೋದ. ಇವನು ತಲೆಯಾಡಿಸುತ್ತ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದ್ದನ್ನೇ ಯೋಚಿಸುತ್ತಿದ್ದ. ಅವ್ವ ಅಂದರೆ ಕೊಟ್ರಬಸಮ್ಮ, ಕೊಟ್ಟೂರಿನಲ್ಲಿ ತಂಗಿಯ ಮನೆಯಲ್ಲಿ ಇದ್ದಾಳೆ. "ಬಿಡಿಸ್ಕೊಂಡೀವಿ, ಹೋಗು" ಎಂದಿದ್ದಳು. ಯಾವಾಗ? "ಆಗ." ಆಗ ಅಂದರೆ? "ನಿಮ್ಮಪ್ಪ ಇದ್ದಾಗ." ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಆ ಸದ್ದು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಡಬ್ಬಿಯಲ್ಲಿ ಬೆಲ್ಲ ಇದ್ದೂ ಮುಗಿದಿದೆ ಅನ್ನುವಾಗಲೂ ಹೀಗೇ ಬರುತ್ತಿತ್ತು.

ಅವನನ್ನು ತೌಡಿಗೆ ಕೊಂಡ ಭರಮಮ್ಮನ ಹಟ್ಟಿ ಕೂಡ್ಲಿಗಿಗೆ ಐದು ಮೈಲಿ ಈಚೆ. ಬಸ್ಸಿಳಿದು ಮೆಕ್ಕೆಜೋಳದ ಹೊಲಗಳ ನಡುವೆ ಅರ್ಧ ಮೈಲಿ. ಪ್ರತಿ ಬೇಸಗೆ ಅವಳ ಮಂದಿ ಇವನ ಅಪ್ಪನ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಿದ್ದರು, ಹಿಕ್ಕೆಯ ಗೊಬ್ಬರಕ್ಕೆ. ಆ ದಿನಗಳಲ್ಲಿ ಅವನು ಅವಳನ್ನು ಹಟ್ಟಿಅವ್ವ ಅನ್ನುತ್ತಿದ್ದ, ಅವಳ ಕಂಬಳಿಯಲ್ಲಿ ಹೊರಳಾಡಿ ಮೈತುಂಬ ಉಣ್ಣಿ ಹತ್ತಿಸಿಕೊಂಡು ಬರುತ್ತಿದ್ದ, ಅವ್ವ ಅವನ್ನು ಕೀಳುತ್ತ ಬಯ್ಯುತ್ತಿದ್ದಳು. ಎಷ್ಟನೇ ಇಯತ್ತೆಯಿಂದ ಹಾಗೆ ಕರೆಯುವುದು ನಿಂತಿತೋ ನೆನಪಿಲ್ಲ. ನೆನಪಿದ್ದದ್ದು ಬೇರೆ. ಹನ್ನೆರಡು ವರ್ಷದ ಹಿಂದೆ, ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ, ಕೈಯಲ್ಲಿ ಒಂದು ಹೊಸ ಕಂಬಳಿ ಹಿಡಿದು, ಕಾಲೇಜಿನ ಪ್ರಾಂಶುಪಾಲರು ಮಂತ್ರಾಕ್ಷತೆ ಹಾಕುತ್ತಿದ್ದ ಹೊತ್ತಿಗೇ ಅವಳು ನೇರ ವೇದಿಕೆ ಹತ್ತಿದ್ದಳು. ಯಾರಿವರು ಎಂದು ಪ್ರಾಂಶುಪಾಲರು ನಗುತ್ತ ಕೇಳಿದರು. ಪಕ್ಕದಲ್ಲಿ ಸುಕನ್ಯಾಳೂ ಕೊರಳಿನ ಹಾರದ ನಡುವಿನಿಂದ ಅದನ್ನೇ ಕೇಳಿದಳು. ಅವನು "ನಮ್ಮ ಹೊಲದಾಗ ಕುರಿ ತರುಬೋರು" ಎಂದ. ಅದು ಸುಳ್ಳಲ್ಲ. ಅದು ಸುಳ್ಳಲ್ಲ ಎಂದು ಅವನು ಆಮೇಲೆ ಅನೇಕ ಸಲ ಅಂದುಕೊಂಡಿದ್ದಾನೆ, ಹಿಟ್ಟಿನ ಟ್ರೇ ಎಳೆಯುವಾಗ, ಟಲಮೋರಿನ ಬಸ್‌ಸ್ಟಾಪಿನಲ್ಲಿ. ಕನ್ನಡದಲ್ಲಿ ಒಬ್ಬರಿಗೂ ಹೇಳದ್ದನ್ನು ಇಂಗ್ಲಿಷಿನಲ್ಲಿ ನೋರಾಳಿಗೆ ಬರೆದುಕೊಟ್ಟು, ಚೆಂದ ಬಂದಿದೆಯೆಂದು ಖುಷಿಪಟ್ಟಿದ್ದ.

"ಯಾರೋ ಸಾಹೇಬ್ರು ಬಂದಾರ" ಎಂದಳು ಭರಮಮ್ಮ, ಬೇಲಿಯ ಬಾಗಿಲಲ್ಲಿ ನಿಂತವನನ್ನು ನೋಡಿ. ಅವಳಿಗೆ ಗುರುತು ಸಿಕ್ಕಿತ್ತು, ಕಣ್ಣು ಹೇಳುತ್ತಿತ್ತು. "ಏನ್ರಿ, ಜನಗಣತಿಯೇನು?"

"ನಾನು. ಗಂಗಾಧರ."

"ಯಾವ ಗಂಗಾಧರ?"

"ಕೊಟ್ಟೂರು. ಗೊಬ್ಬರದಂಗಡಿ ಸೋಮಶೇಖರಪ್ಪನ ಮಗ."

"ಹೌದಾ? ನನ್ನ ಮಗ ಅಂತ ಮಾಡಿದ್ದೆ ನಾನು." ಅವಳು ನಗದೆ ಒಳಗೆ ತಿರುಗಿ ಸೊಸೆಗೆ ಕೂಗಿದಳು. "ಏ ಜೋಗಮ್ಮ, ಒಂದು ಚೊಂಬು ನೀರು ತಾ. ನಮ್ಮ ತೌಡು ಬಂದೈತಿ."

ಅವಳಿಗೆ ಎಪ್ಪತ್ತೈದಾದರೂ ಆಗಿರಬೇಕು. ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇತ್ತು. ಅವನು ಕಲ್ಲಿನ ಮೇಲೆ ಕೂತು ಹುಡುಗಿಯ ವಿಷಯ ಹೇಳಿದ, ಫೋನಿನಲ್ಲಿ ಫೋಟೋ ತೋರಿಸಿದ. ಭರಮಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಬಿಸಿಲಿಗೆ ಬೆನ್ನು ಮಾಡಿ ನೋಡಿದಳು.

"ಕಣ್ಣು ವಾರೆ ಐತಿ."

"ಸ್ವಲ್ಪ. ಆಪರೇಶನ್ ಮಾಡಿಸ್ತೀವಿ."

"ಯಾಕ? ಇರ್ಲಿ ಬಿಡು. ಎರಡೂ ಕಡಿಗೆ ಕಾಯ್ತಾಳ." ಮತ್ತೆ ನೋಡಿದಳು. "ಈಕಿನ್ನ ಏನು ಕೊಟ್ಟು ತಗೊಂಡಿ?"

"ಏನೂ ಕೊಡಾಂಗಿಲ್ಲ. ಕೊಟ್ರ ಜೇಲು."

"ಪುಕ್ಕಟೆ?" ಕದಿರು ನಿಂತಿತು. "ಪುಕ್ಕಟೆ ತಗೋಬ್ಯಾಡಲೇ. ಒಂದು ಹಿಡಿ ತೌಡರ ಕೊಟ್ಟು ತಗೋ. ಪುಕ್ಕಟೆ ಬಂದದ್ದು ಪುಕ್ಕಟೆ ಹೋಗ್ತತಿ."

ಈ ಮಾತನ್ನು ನೋರಾಳ ಮುಂದೆ ಇವಳು ಹೇಳಿದರೆ ಏನಾಗಬಹುದು ಎಂದು ಯೋಚಿಸುತ್ತಲೇ ಅವನು ಕೊಟ್ಟೂರಿನಲ್ಲಿ ಟೈಪ್ ಮಾಡಿಸಿ ತಂದಿದ್ದ ಛಾಪಾ ಕಾಗದ ತೆಗೆದ. ಅವಳು ಹೆಬ್ಬೆಟ್ಟು ಚಾಚಿದಳು. ಇಲ್ಲಲ್ಲ, ಕೂಡ್ಲಿಗಿಗೆ ಹೋಗಬೇಕು, ನೋಟರಿಯ ಮುಂದೆ ಎಂದ. ಹಾಗಾದರೆ ಏನು ಬರೆದಿದೆ ಓದು ಎಂದಳು. ಓದಿದ. ನಾನು, ಭರಮಮ್ಮ ಕೋಂ ದಿವಂಗತ ಅಜ್ಜಯ್ಯ, ಕಸುಬು ಕುರಿ ಸಾಕಣೆ. ಸದರಿ ಗಂಗಾಧರನನ್ನು ಹರಕೆಯ ಪದ್ಧತಿಯಂತೆ ಸಾಂಕೇತಿಕವಾಗಿ ಪಡೆದು, ಅವನಿಗೆ ಐದು ವರ್ಷವಾದಾಗ ತಾಯಿತಂದೆಗೆ ಹಿಂತಿರುಗಿಸಿರುತ್ತೇನೆ. ಕದಿರು ಮತ್ತೆ ನಿಂತಿತು.

"ಯಾರು ಹಿಂತಿರುಗಿಸ್ಯಾರ?"

"ನೀವು."

"ಯಾವಾಗಲೇ? ನಿಮ್ಮವ್ವ ಒಂದು ಸೀರಿ ಉಡಿಸ್ಯಾಳೇನು ನನಗ? ನಿನ್ನ ಮದುವಿಗೆ ಬಂದೀನಿ, ಅವತ್ತಾದ್ರೂ ಬಿಡಿಸ್ಕೋತಾರ ಅಂತ. ಊಟ ಮಾಡಿ ಹೋಗ್ರಿ ಅಂದ್ರು. ಉಂಡು ಬಂದೆ." ಅವಳ ದನಿಯಲ್ಲಿ ದೂರೇನೂ ಇರಲಿಲ್ಲ, ಲೆಕ್ಕ ತಪ್ಪಿದ ಕುರಿಯ ಬಗ್ಗೆ ಹೇಳುವ ಹಾಗಿತ್ತು. "ಮೈಲಾರಲಿಂಗನ ಭಂಡಾರ ಹಚ್ಚೋ ಹಣಿ ಇದು. ಸುಳ್ಳಿಗೆ ಹೆಬ್ಬಟ್ಟು ಒತ್ತಂಗಿಲ್ಲ."

ಅವನು ಬೇಲಿಯಾಚೆ ಹೋಗಿ ಅವ್ವನಿಗೆ ಫೋನ್ ಮಾಡಿದ. ನಾಲ್ಕೈದು ಕುರಿಗಳು ಬಂದು ಅವನ ಪ್ಯಾಂಟು ಮೂಸತೊಡಗಿದವು. ಅವ್ವಾ, ಬಿಡಿಸಿಕೊಂಡೀವಿ ಅಂದಿದ್ದೆಯಲ್ಲ. ತಂಗಿಯ ಮನೆಯ ಟೀವಿಯಲ್ಲಿ ಯಾರೋ ಅಳುತ್ತಿದ್ದರು. ಅವ್ವಾ, ಈಗಾದರೂ ಬಾ, ಆಟೋ ಕಳಿಸುತ್ತೇನೆ, ಒಂದು ಸೀರೆ, ಒಂದು ಸೇರು ತೌಡು, ಹತ್ತು ನಿಮಿಷದ ಕೆಲಸ.

"ಬರಂಗಿಲ್ಲ."

"ಯಾಕ?"

"ಬಿಡಿಸ್ಕೊಂಡ್ರ ನನ್ನವನಾಗ್ತಿ." ಅವ್ವ ಇದನ್ನು ತೀರ ಸಾಮಾನ್ಯ ದನಿಯಲ್ಲಿ, ಒಲೆಯ ಮೇಲೆ ಹಾಲಿದೆ ಅನ್ನುವ ಹಾಗೆ ಹೇಳಿದಳು. "ನನ್ನವು ಅಂದವು ಎರಡೂ ಉಳೀಲಿಲ್ಲ. ನಿಮ್ಮಪ್ಪ ಪ್ರತಿ ವರ್ಷ ಆಕಿಗಂತ ಸೀರಿ ತರೋರು, ನಾನು ಉಟ್ಟು ಹರೀತಿದ್ದೆ. ನಿನಗ ನಲವತ್ತೊಂದು ಆತು. ಇನ್ನೂ ಅದೀಯಲ್ಲ? ಚಲೋ ನಡದದ್ದು ಯಾಕ ಕೆಡಸ್ಲಿ?"

"ಅವ್ವಾ, ಆ ಹುಡುಗಿ..."

"ಹುಡುಗೀನ ಕರ್ಕೊಂಬಾ, ಎಣ್ಣಿ ಹಚ್ಚಿ ಎರಿತೀನಿ. ಇದ್ರಾಗ ನನ್ನ ಎಳೀಬ್ಯಾಡ." ಫೋನ್ ಇಟ್ಟಳು. ಒಂದು ಕುರಿ ಅವನ ಕಡತದ ಮೂಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಎಳೆದುಕೊಂಡ. ಪೊಲೀಸ್ ಪ್ರಮಾಣಪತ್ರದ ಮೇಲೆ ಹಲ್ಲಿನ ಗುರುತು ಬಿತ್ತು. ನಲವತ್ತೊಂದು ವರ್ಷ ತಾನು ಅವ್ವನ ಪಾಲಿಗೆ ಬೇರೆಯವರ ಸಾಮಾನಾಗಿ, ಒಡೆಯಬಾರದೆಂಬ ಭಯದಲ್ಲಿ ಬಳಕೆಯಾದವನು ಎಂದು ಅವನಿಗೆ ಹೊಳೆಯಿತು. ಇದಕ್ಕೆ ದುಃಖಪಡಬೇಕೋ ಬೇಡವೋ ಎಂದು ನಿರ್ಧರಿಸುವಷ್ಟರಲ್ಲಿ ಭರಮಮ್ಮ ಚಪ್ಪಲಿ ಮೆಟ್ಟಿ ಹೊರಬಂದಳು. "ನಡಿ. ಏನು ಹೇಳಬೇಕು ವಕೀಲನ ಮುಂದ ನಾನ ಹೇಳ್ತೀನಿ."

ಕೂಡ್ಲಿಗಿಯ ನೋಟರಿ ಗುರುಮೂರ್ತಿಯ ಕಚೇರಿ ಜೆರಾಕ್ಸ್ ಅಂಗಡಿಯ ಹಿಂಭಾಗದಲ್ಲಿತ್ತು. ಅವರು ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಭರಮಮ್ಮನಿಗೆ ಹೊರಗೆ ಬೆಂಚಿನ ಮೇಲೆ ಚಹಾ ಕೊಡಿಸಿದರು. ಆಮೇಲೆ ಇವನ ಕಡೆ ಬಾಗಿದರು. "ನೋಡ್ರಿ ಸಾರ್, ಹಿಂತಿರುಗಿಸೀನಿ ಅಂತನ ಇರಲಿ, ಟೈಪ್ ಆಗೈತಿ. ಆಕಿಗೆ ಓದಾಕ ಬರಂಗಿಲ್ಲ. ಆ ಮೇಡಂಗೆ ಕನ್ನಡ ಬರಂಗಿಲ್ಲ, ಈಕಿಗೆ ಇಂಗ್ಲಿಷ್ ಬರಂಗಿಲ್ಲ. ನಡುವ ನೀವೊಬ್ರ ಅದೀರಿ. ಇದಕ್ಕಿಂತ ಅನುಕೂಲ ಇನ್ನೇನು ಬೇಕ್ರಿ?"

ಇದು ಅವನಿಗೆ ಹೊಳೆದಿರಲಿಲ್ಲ ಎಂದಲ್ಲ. ಹಟ್ಟಿಯಿಂದ ಟಂಟಂ ಆಟೋದಲ್ಲಿ ಬರುವಾಗ, ಭರಮಮ್ಮ ಪಕ್ಕದ ಹೆಂಗಸಿಗೆ "ನನ್ನ ಮಗ, ಫಾರಿನ್ನಾಗ ರೊಟ್ಟಿ ಮಾಡ್ತಾನ" ಎಂದು ಹೇಳುತ್ತಿದ್ದಾಗಲೇ ಹೊಳೆದಿತ್ತು. ಸುಳ್ಳೆಂದರೆ ಎಷ್ಟು ದೊಡ್ಡದು? ಒಂದು ವಾಕ್ಯ. ಅದರ ಆ ಕಡೆ ಒಂದು ಕಾಲಿಗೆ ಕಾಲುಚೀಲ ಇಲ್ಲದ ಹುಡುಗಿ. ಒಂದು ವಾಕ್ಯಕ್ಕೆ ಅವಳು ಬೇರೆಯವರ ಮನೆಗೆ ಹೋಗುವುದಾದರೆ ಆ ನಿಜ ಯಾರಿಗೆ ಬೇಕು? ಅವನು ಗುರುಮೂರ್ತಿಯ ಕಡೆ ನೋಡದೆ ಫೋನನ್ನು ಮೇಜಿನ ಮೇಲಿನ ಐದಾರು ಕಾನೂನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿದ. ಮೂರೂವರೆಗೆ ಕರೆ ಬಂತು.

ಪರದೆಯ ಮೇಲೆ ಅವರದೇ ಅಡಿಗೆಮನೆ ಕಂಡಿತು. ನೋರಾ ಅಲ್ಲಿಯೇ ಕೂತಿದ್ದಳು, ಅವಳ ಪಕ್ಕದಲ್ಲಿ ಸುಕನ್ಯಾ. ಸುಕನ್ಯಾ ಡ್ಯೂಟಿಯಲ್ಲಿರಬೇಕಿತ್ತು. "ಶಿಫ್ಟ್ ಬದಲಿಸಿಕೊಂಡೆ" ಎಂದಳು, ಅಷ್ಟೇ. ಎರಡೂ ಭಾಷೆ ಬಲ್ಲವನು ನಡುವೆ ಈಗ ತಾನೊಬ್ಬನೇ ಅಲ್ಲ ಎಂದು ಗಂಗಾಧರ ಲೆಕ್ಕ ಹಾಕಿದ. ಭರಮಮ್ಮನನ್ನು ಒಳಗೆ ಕರೆದರು. ಅವಳು ಫೋನಿಗೆ ಎರಡೂ ಕೈ ಮುಗಿದಳು. ನೋರಾ ಅರ್ಧ ಎದ್ದು, ಏನು ಮಾಡಬೇಕೋ ತಿಳಿಯದೆ ತಾನೂ ಕೈ ಮುಗಿದಳು.

ಈ ಹುಡುಗನನ್ನು ನೀವು ಯಾವಾಗ ಅವನ ತಾಯಿಗೆ ಹಿಂತಿರುಗಿಸಿದಿರಿ ಎಂದು ಕೇಳಿ ಎಂದಳು ನೋರಾ. ಅವನು ಕೇಳಿದ.

"ಎಲ್ಲಿ ಕೊಟ್ಟೀನಿ? ಇನ್ನೂ ನನ್ನವನ."

"ನನಗೆ ಐದು ವರ್ಷವಾದಾಗ ಎನ್ನುತ್ತಾರೆ" ಎಂದ ಇಂಗ್ಲಿಷಿನಲ್ಲಿ. ಗುರುಮೂರ್ತಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಪರದೆಯಲ್ಲಿ ಸುಕನ್ಯಾ ಕೆಳತುಟಿ ಕಚ್ಚಿಕೊಂಡಳು. ಕರೆಂಟು ಬಿಲ್ಲು ತಾನು ಕಟ್ಟಿದ್ದೇನೆಂದು ಅವನು ಸುಳ್ಳು ಹೇಳಿದಾಗಲೂ ಅವಳು ಹೀಗೇ ಮಾಡುತ್ತಿದ್ದಳು.

ಬೆಳೆಯುವಾಗ, ಬೇರೆಯವರ ಮುಂದೆ, ಅವನು ನಿಮ್ಮನ್ನು ಏನೆಂದು ಗುರುತಿಸುತ್ತಿದ್ದ? ಇದು ನೋರಾಳ ಮುಂದಿನ ಪ್ರಶ್ನೆ. ಭರಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಣ್ಣಾವಿದ್ದಾಗ ಹಟ್ಟಿಅವ್ವ ಅಂತಿದ್ದ. ದೊಡ್ಡಾವಾದ ಮ್ಯಾಲ ಏನೂ ಅನ್ನಲಿಲ್ಲ. ಮದುವ್ಯಾಗ ಕುರಿ ತರುಬಾಕಿ ಅಂದ. ನನಗ ಕಿವಿ ಚಲೋ ಅದಾವ, ಕೇಳಿಸ್ತು." ಅವಳು ಇವನ ಕಡೆ ತಿರುಗಿದಳು. "ಹೇಳು ಆಕಿಗೆ. ಅದರಾಗೇನು, ಅವತ್ತು ನೀನು ಪ್ಯಾಟಿ ಮಂದಿ ನಡುವ ಇದ್ದಿ."

ಅವನು ಬಾಯಿ ತೆರೆದ. ಹೊರಗೆ ಜೆರಾಕ್ಸ್ ಯಂತ್ರ ಒಂದೇ ಸಮ ಗುರ್ ಗುರ್ ಎನ್ನುತ್ತಿತ್ತು. "ನಾನು ಗೌರವ ಕೊಡುವ ಹುಡುಗನಾಗಿದ್ದೆ ಎನ್ನುತ್ತಾರೆ" ಎಂದ.

"ರೀ" ಎಂದಳು ಸುಕನ್ಯಾ.

ನೋರಾ ಅವಳ ಕಡೆ ನೋಡಿದಳು. ಸುಕನ್ಯಾ ನೋರಾಳ ಕಡೆ ನೋಡಲಿಲ್ಲ. "ನಾನೂ ಅದೇ ಸ್ಟೇಜ್ ಮೇಲೆ ನಿಂತಿದ್ದೆನಲ್ರೀ. ನಂಗೂ ಹಂಗೇ ಹೇಳಿದ್ರಿ. ಇವರು ಯಾರಂತ ನಂಗೆ ಗೊತ್ತಾಗಿದ್ದೇ ನಿಮ್ಮ ಮೂರನೇ ಪುಟ ಓದಿದ ಮೇಲೆ, ಅದೂ ಇಂಗ್ಲಿಷಲ್ಲಿ. ಈಗ ಅವರು ಏನಂದ್ರೋ ಅದನ್ನೇ ಹೇಳ್ರಿ."

"ಸೋಮವಾರ..." ಎಂದ ಅವನು ಕನ್ನಡದಲ್ಲಿ.

"ಗೊತ್ತು ನಂಗೆ ಸೋಮವಾರ." ಅವಳು ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. "ಹೇಳ್ರಿ ಅಂದೆ."

ಹನ್ನೊಂದು ತಿಂಗಳಲ್ಲಿ ನೋರಾಳ ಮುಂದೆ ಅವರು ಆಡಿದ ಮೊದಲ ಜಗಳ ಅದು. ಗಂಗಾಧರ ಮೊದಲಿನಿಂದ ಶುರು ಮಾಡಿದ. ಐದು ವರ್ಷ ಅಂದದ್ದು ನಾನು, ಅವರಲ್ಲ. ಅವರು ನನ್ನನ್ನು ಹಿಂತಿರುಗಿಸಿಲ್ಲ, ನನ್ನ ತಾಯಿ ಭಯಕ್ಕೆ ಬಿಡಿಸಿಕೊಂಡಿಲ್ಲ. ಇವರ ಲೆಕ್ಕದಲ್ಲಿ ನಾನು ಇನ್ನೂ ಇವರ ಮಗ. ನನ್ನ ಮದುವೆಯ ದಿನ ಪ್ರಾಂಶುಪಾಲರ ಮುಂದೆ ನಾನು ಇವರನ್ನು... ಕುರಿ ತರುಬುವುದಕ್ಕೆ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ. ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವನು ಕೈಯಾಡಿಸುತ್ತ, ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುವ ಬಗೆ, ಅವುಗಳ ಹಿಕ್ಕೆ, ಅದರಿಂದ ಜೋಳ ಹೇಗೆ ಬರುತ್ತದೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅಷ್ಟಾದ ಮೇಲೆ, ಅಂಥ ಕೆಲಸದವರು ಎಂದಷ್ಟೇ ಹೇಳಿದೆ ಎಂದ. ತಾಯಿ ಅನ್ನಲಿಲ್ಲ. ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಹಿಕ್ಕೆಯ ವಿವರವನ್ನು ನೋರಾ ಬರೆದುಕೊಂಡದ್ದು ಕಂಡಿತು.

"ನಿಧಾನ" ಎಂದಳು ಅವಳು. "ಮದುವೆಯ ದಿನದ್ದನ್ನು ಇನ್ನೊಮ್ಮೆ ಹೇಳಿ." ಇನ್ನೊಮ್ಮೆ ಹೇಳಿದ.

"ಏನಂತಾಳ?" ಎಂದಳು ಭರಮಮ್ಮ.

"ಬರ್ಕೊಳ್ಳಾಕತ್ಯಾಳ."

"ಆಕಿಗೆ ಮಕ್ಕಳೆಷ್ಟು ಕೇಳು."

ಅದನ್ನು ಕೇಳುವ ಹಾಗಿಲ್ಲ ಎಂದ ಗಂಗಾಧರ. ಅಷ್ಟರಲ್ಲಿ ಸುಕನ್ಯಾ ಆ ಕಡೆಯಿಂದ ಕೇಳಿಯೇಬಿಟ್ಟಿದ್ದಳು. ನೋರಾಳ ಪೆನ್ನು ಗಾಳಿಯಲ್ಲಿ ನಿಂತಿತು. ಈ ಹನ್ನೊಂದು ತಿಂಗಳಲ್ಲಿ ಅವರ ಮಲಗುವ ಕೋಣೆಯ ವಿಷಯದವರೆಗೆ ಎಲ್ಲ ಕೇಳಿದ್ದವಳು, ತಾನು ಎಲ್ಲಿಂದ ಬಸ್ಸು ಹತ್ತುತ್ತೇನೆ ಎಂಬುದನ್ನೂ ಹೇಳಿರಲಿಲ್ಲ. "ಇಲ್ಲ. ಒಂದು ನಾಯಿ ಇದೆ" ಎಂದಳು. ಗಂಗಾಧರ ಅದನ್ನು ಭರಮಮ್ಮನಿಗೆ ಹೇಳಿದ.

"ಅಯ್ಯ ಪಾಪ" ಎಂದಳು ಭರಮಮ್ಮ ಗುರುಮೂರ್ತಿಯ ಕಡೆ ತಿರುಗಿ. "ಹಂಗಾರ ಆಕಿಗೂ ಒಂದು ಕೂಸಿನ ಕಾಗದ ಮಾಡಿಕೊಡ್ರಿ ವಕೀಲ್ರ."

ಸುಕನ್ಯಾ ನಕ್ಕುಬಿಟ್ಟಳು, ಕಣ್ಣು ಒರೆಸಿಕೊಳ್ಳುತ್ತಲೇ. ಏನು, ಏನಂದರು ಎಂದು ನೋರಾ ಕೇಳಿದಳು. ಸುಕನ್ಯಾ ಅದನ್ನೂ ಹೇಳಿದಳು. ನೋರಾ ಕೆಂಪಾದಳು, ಮುಂದಿದ್ದ ಚಹಾ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ತನ್ನ ಎಂದಿನ ದನಿಗೆ ಮರಳಿದಳು. ಇವರು ಹೇಳಿದ ಹಾಗೆಯೇ, ಇವರ ಮಾತಿನಲ್ಲೇ ಹೇಳಿಕೆ ಬೇಕು. ಆ ಟೈಪ್ ಮಾಡಿದ್ದು ಬೇಡ. ಹಣ ಕೈ ಬದಲಿಸಿಲ್ಲ, ಮಗು ಹೆತ್ತವರ ಮನೆಯಲ್ಲೇ ಬೆಳೆಯಿತು, ಇದು ನನಗೆ ಸ್ಪಷ್ಟವಾಯಿತು. ಸೋಮವಾರ ಶಿಫಾರಸಿನ ಜೊತೆ ಇದನ್ನು ಇಡುತ್ತೇನೆ, ಪತ್ರ ಹೋಗುತ್ತದೆ. "ಆದರೆ ಮಿಸ್ಟರ್ ಗಂಗಾಧರ್, ನೀವು ಮೊದಲು ಬೇರೆ ಹೇಳಿ ಆಮೇಲೆ ತಿದ್ದಿಕೊಂಡಿರಿ ಎಂಬುದನ್ನೂ ಬರೆಯಬೇಕಾಗುತ್ತದೆ. ಮದುವೆಯ ದಿನದ ಮಾತನ್ನೂ."

"ಬರೆಯಿರಿ."

"ಹದಿನೆಂಟು ತುಂಬಿದ ಮೇಲೆ ಈ ಕಡತವನ್ನು ಓದುವ ಹಕ್ಕು ನಿಮ್ಮ ಮಗಳಿಗೆ ಇದೆ. ಅದು ನಿಮಗೆ ಗೊತ್ತಿರಲಿ ಎಂದು ಹೇಳಿದೆ."

ಕರೆ ಮುಗಿಯಿತು. ನಿಮ್ಮ ಮಗಳು ಎಂದು ನೋರಾ ಅಂದದ್ದು ಅದೇ ಮೊದಲು. ಅದರ ಖುಷಿ ಬರುವ ಮೊದಲೇ ಅವನು ಹದಿನೈದು ವರ್ಷ ಮುಂದೆ ಹೋಗಿ, ಎರಡೂ ಕಡೆ ಕಾಯುವ ಒಂದು ಜೊತೆ ಕಣ್ಣು ಕುರಿ ಹಿಕ್ಕೆಯ ಪ್ಯಾರಾವನ್ನು ಓದುವುದನ್ನು ನೋಡಿ ಬಂದ.

ಗುರುಮೂರ್ತಿ ಮಾತ್ರ ಒಪ್ಪಲಿಲ್ಲ. "ತೌಡು ಕೊಟ್ಟು ತಗೊಂಡೀನಿ ಅಂತ ಬರದು ನಾನು ಸೀಲ್ ಹೊಡದ್ರ ನನ್ನ ಲೈಸೆನ್ಸ್ ಹೋಗ್ತತ್ರಿ ಸಾರ್. ಮನುಷ್ಯಾನ ಖರೀದಿ ಆತದು." ಹರಕೆಯಂತೆ ಪಡೆದಿರುತ್ತೇನೆ ಎಂದಾಗಲಿ ಎಂದರು. ಭರಮಮ್ಮ ತೌಡು ಬೇಕೇ ಬೇಕು ಎಂದಳು. ತೌಡಿಲ್ಲದಿದ್ದರೆ ಅದು ಕದ್ದ ಹಾಗಾಗುತ್ತದೆ. ಅರ್ಧ ಗಂಟೆಯ ಚೌಕಾಸಿಯ ನಂತರ, ಒಂದು ಮೊರ ತೌಡನ್ನು ಕಾಣಿಕೆಯಾಗಿ ನೀಡಿ ಎಂಬಲ್ಲಿಗೆ ಇಬ್ಬರೂ ಬಂದು ನಿಂತರು. ಸಾಕಲು ಕೊಟ್ರಬಸಮ್ಮನವರಿಗೆ ವಹಿಸಿದ್ದು, ಅವರು ಚೆನ್ನಾಗಿ ಸಾಕಿರುತ್ತಾರೆ. ಸದರಿಯವನು ಹೆಣ್ಣು ಕೂಸೊಂದನ್ನು ತೆಗೆದುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಆ ಕೂಸು ನನಗೆ ಮೊಮ್ಮಗಳಾಗತಕ್ಕದ್ದು. ಗಂಗಾಧರ ಓದಿ ಹೇಳಿದ, ಒಂದು ಅಕ್ಷರ ಬಿಡದೆ. ಅವಳು ಪ್ರತಿ ಸಾಲಿಗೂ ಹೂಂಗುಟ್ಟಿದಳು.

ಹೆಬ್ಬೆಟ್ಟನ್ನು ನೀಲಿ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದಳು, ಮೂರು ಪ್ರತಿಗೂ, ಕುರಿಗೆ ಗುರುತು ಹಾಕುವ ಗಟ್ಟಿತನದಲ್ಲಿ. ಗುರುಮೂರ್ತಿ ಮೇಜಿನ ಕೆಳಗಿನಿಂದ ಹಳೇ ಬಟ್ಟೆಯೊಂದನ್ನು ತೆಗೆದು ಚಾಚಿದರು. ಅವಳು ಅದನ್ನು ನೋಡಲಿಲ್ಲ. ಪಕ್ಕದಲ್ಲಿ ಕಾಗದ ಜೋಡಿಸುತ್ತಿದ್ದ ಗಂಗಾಧರನ ಬಿಳಿ ಅಂಗಿಯ ತೋಳು ಹಿಡಿದೆಳೆದು, ಬೆರಳನ್ನು ಮೇಲೊಮ್ಮೆ ಕೆಳಗೊಮ್ಮೆ ಚೆನ್ನಾಗಿ ಒರೆಸಿಕೊಂಡಳು.

"ಬಟ್ಟಿ ಐತಲ್ಲವ್ವ ಇಲ್ಲಿ" ಎಂದರು ಗುರುಮೂರ್ತಿ.

"ಇದು ನಂದ ಐತಿ" ಎಂದಳು ಅವಳು.